ಚದರ ಅಡಿಗೆ ಎಷ್ಟಾಗುತ್ತದೆ?

ಮನೆ ಕಟ್ಟಿಸಲು ಹೊರಟವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಇದೇ. ಕುಮಟೆಯಾಗಲಿ, ಅಂಕೋಲೆಯಾಗಲಿ, ಘಟ್ಟ ಹತ್ತಿದ ಮೇಲಿನ ಶಿರಸಿಯಾಗಲಿ, ಜಗಲಿಯ ಮೇಲೆ ಕುಳಿತು ಆಸರಿಗೆ ಕೊಟ್ಟ ಚಹಾ ಆರುವುದಕ್ಕೂ ಮೊದಲು ಯಜಮಾನರು ಇದನ್ನು ಕೇಳಿಬಿಡುತ್ತಾರೆ. ಕಳೆದ ತಿಂಗಳು ಸಿವಿಲ್ ಡಿಪ್ಲೊಮಾ ಮುಗಿಸಿದ ಇಬ್ಬರು ಹುಡುಗರು ಸ್ವಂತ ಕಟ್ಟಡ ಕೆಲಸ ಆರಂಭಿಸುವ ಯೋಚನೆ ಹೊತ್ತು ನನ್ನ ಬಳಿಗೆ ಬಂದಿದ್ದರು. ಅವರು ಕೇಳಿದ್ದೂ ಅದನ್ನೇ. ‘ಅಣ್ಣ, ಈಗ ಚದರ ಅಡಿಗೆ ಎಷ್ಟು ಹೇಳಿದರೆ ಗಿಟ್ಟುತ್ತದೆ?’ ಅಂದು ಸ್ಲ್ಯಾಬ್ ಹಾಕುವ ಕೆಲಸ ನಡೆದಿದ್ದರಿಂದ ಅವರೊಡನೆ ಹೆಚ್ಚು ಮಾತನಾಡಲಾಗಲಿಲ್ಲ. ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಕಾರವಾರದಲ್ಲಿ ಒಬ್ಬ ದೊಡ್ಡ ಗುತ್ತಿಗೆದಾರರ ಬಳಿ ಹನ್ನೊಂದು ವರ್ಷ ಸೂಪರ್‌ವೈಸರ್ ಆಗಿದ್ದು, 2017ರ ದೀಪಾವಳಿ ಕಳೆದ ಮೇಲೆ ಕೆಲಸ ಬಿಟ್ಟು ಸ್ವಂತಕ್ಕೆ ಇಳಿದೆ. ಕೈಯಲ್ಲಿ ಮೂರು ಲಕ್ಷ ರೂಪಾಯಿ ಇತ್ತು. ಸೆಂಟ್ರಿಂಗ್ ಶೀಟು, ಜಾಕಿ, ಮಿಕ್ಸರ್, ವೈಬ್ರೇಟರ್ ಎಲ್ಲವೂ ಬಾಡಿಗೆಗೆ ಸಿಗುವುದರಿಂದ ನಾನು ಕೊಂಡದ್ದು ಒಂದು ಹೊಸ ಟೇಪು, ಓಳಂಬ, ರಸಮಟ್ಟ ಮತ್ತು ಒಂದು ಬಿಲ್ ಪುಸ್ತಕ ಮಾತ್ರ. ನಾನು ಹೊರಟ ಸುದ್ದಿ ಕೇಳಿ, ಮೊದಲಿನಿಂದ ಪರಿಚಯವಿದ್ದ ಮೇಸ್ತ್ರಿಯೊಬ್ಬರು ತಮ್ಮ ಗುಂಪಿನ ನಾಲ್ವರು ಗೌಂಡಿಗಳೊಂದಿಗೆ ಬರುವುದಾಗಿ ಹೇಳಿದರು. ಇಷ್ಟು ಕಡಿಮೆ ಬಂಡವಾಳದಲ್ಲಿ ಕಾಲಿಡಬಹುದಾದ ವ್ಯವಹಾರಗಳು ನಮ್ಮ ಜಿಲ್ಲೆಯಲ್ಲಿ ಹೆಚ್ಚಿಲ್ಲ. ಹಾಗಾಗಿಯೇ ಪ್ರತಿ ವರ್ಷ ಹತ್ತಾರು ಮಂದಿ ಕಾಲಿಡುತ್ತಾರೆ, ಮತ್ತು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅವರಲ್ಲಿ ಕೆಲವರು ಮತ್ತೆ ಯಾರದೋ ಸೈಟಿನಲ್ಲಿ ಸೂಪರ್‌ವೈಸರ್ ಆಗಿ ಕಾಣಸಿಗುತ್ತಾರೆ. ನಾನೂ ಆ ಸಾಲಿಗೆ ಸೇರುವುದರಲ್ಲಿದ್ದೆ.

ಮೊದಲ ಮನೆ ಒಬ್ಬ ನಿವೃತ್ತ ಅಕ್ಕೋರದ್ದು, ಅಂದರೆ ಶಾಲೆಯ ಶಿಕ್ಷಕಿಯದ್ದು. ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಹೊಳೆಯ ಕಡೆ, ಗಜನಿಯ ಅಂಚಿಗೆ ಅವರ ಹಿತ್ತಲು. ಗಜನಿಯೆಂದರೆ ಉಪ್ಪುನೀರು ಹತ್ತಿ ಇಳಿಯುವ ಭೂಮಿ. ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುವುದು ಅಲ್ಲಿಯೇ. ಜಾಗ ಕರಾವಳಿ ನಿಯಂತ್ರಣ ವಲಯದ (ಸಿ.ಆರ್.ಝಡ್.) ಗೆರೆಯಿಂದ ಹೊರಗಿತ್ತು, ಪಂಚಾಯತಿಯ ಪರವಾನಗಿ ಬಂದಿತ್ತು, ನಕ್ಷೆ ಸಿದ್ಧವಾಗಿತ್ತು. ಮೂವತ್ತು ಅಡಿಗೆ ಮೂವತ್ತನಾಲ್ಕು, ಒಟ್ಟು 1,020 ಚದರ ಅಡಿಯ ಒಂದಂತಸ್ತಿನ ಮನೆ. ನಾನು ಹೋಗಿ ನೋಡಿದಾಗ ಹಿತ್ತಲ ತುಂಬ ಕೆಂಪು ಗೊಚ್ಚು ಮಣ್ಣು ಬಿಗಿಯಾಗಿ ಕೂತಿತ್ತು. ಮೇಲೆ ನಡೆದರೆ ಕಾಲಡಿ ಒಂದಿಷ್ಟೂ ಕುಸಿಯಲಿಲ್ಲ. ಅಕ್ಕೋರು ಕೇಳಿದರು, ನಾನು ಹೇಳಿದೆ: ಚದರ ಅಡಿಗೆ 1,600 ರೂಪಾಯಿ, ಸಾಮಗ್ರಿ ಸಹಿತ, ಬೀಗದಕೈ ಕೊಡುವವರೆಗೆ. ಅವರು ಕನ್ನಡಕ ಹಾಕಿಕೊಂಡು ಒಂದು ಉದ್ದನೆಯ ನೋಟುಬುಕ್ಕಿನಲ್ಲಿ ತಾರೀಕು ಸಹಿತ ಅದನ್ನು ಬರೆದುಕೊಂಡರು. ನಾನು ಏನನ್ನೂ ಬರೆದುಕೊಳ್ಳಲಿಲ್ಲ.

ಪಂಚಾಂಗಕ್ಕೆ, ಅಂದರೆ ಅಡಿಪಾಯಕ್ಕೆ, ಅಗೆಯಲು ಶುರುಮಾಡಿದ ದಿನ, ಎರಡು ಅಡಿಯವರೆಗೆ ಕೆಂಪು ಮಣ್ಣೇ ಬಂತು. ಆಮೇಲೆ ಗುದ್ದಲಿಗೆ ಹತ್ತಿದ್ದು ಕಪ್ಪು ಕೆಸರು, ಅದರೊಳಗೆ ಬೆಳಚಿನ ಚಿಪ್ಪುಗಳು. ಹಿಂದೆ ಯಾರೋ ಆ ಹಿತ್ತಲಿಗೆ ಹೊರಗಿನ ಮಣ್ಣು ತುಂಬಿಸಿ ಎತ್ತರಿಸಿದ್ದರು. ಮೇಸ್ತ್ರಿ ಒಂದು ಚಿಪ್ಪನ್ನು ಎತ್ತಿ ಪ್ಯಾಂಟಿಗೆ ಒರೆಸಿ ನನ್ನ ಕೈಗೆ ಕೊಟ್ಟು, ‘ಇದು ಹಿತ್ತಲಲ್ಲ ಸರ್, ಹೊಳೆ’ ಎಂದರು. ಮೂರು ಅಡಿ ಅಗೆದು ಚಿರೇಕಲ್ಲಿನ ಪಂಚಾಂಗ ಹಾಕುವುದೆಂದು ನಾನು ಲೆಕ್ಕ ಹಾಕಿದ್ದೆ. ಗಟ್ಟಿ ನೆಲ ಸಿಕ್ಕಿದ್ದು ಏಳನೆಯ ಅಡಿಗೆ. ಅಷ್ಟರಲ್ಲಿ ಗುಂಡಿಯ ಬದಿಗಳಿಂದ ನೀರು ಒಸರತೊಡಗಿತ್ತು, ಮತ್ತು ಅದು ಉಬ್ಬರದ ಹೊತ್ತಿಗೆ ಏರಿ ಇಳಿತದ ಹೊತ್ತಿಗೆ ತಗ್ಗುತ್ತಿತ್ತು. ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರನ್ನು ಕರೆಸಿದೆ. ಕಲ್ಲಿನ ಪಂಚಾಂಗ ಬೇಡ, ಏಳು ಅಡಿಗೆ ಕಾಂಕ್ರೀಟಿನ ಅಗಲವಾದ ಪಾದ (ಫೂಟಿಂಗ್) ಹಾಕಿ, ಅದರ ಮೇಲೆ ಕಂಬ (ಕಾಲಂ) ಎತ್ತಿ, ಎಲ್ಲವನ್ನೂ ಗೋಡೆಯ ಬುಡದ ಪ್ಲಿಂತ್ ಬೀಮಿನಿಂದ ಕಟ್ಟಿ ಎಂದು ಅವರು ಹೇಳಿ ಹೋದರು. ಅದು ಸರಿಯಾದ ಸಲಹೆ, ಆದರೆ ನಾನು ಹೇಳಿದ್ದ 1,600 ರೂಪಾಯಿಯಲ್ಲಿ ಇವು ಯಾವುವೂ ಇರಲಿಲ್ಲ.

ನೀರಿನ ವಿಚಾರದಲ್ಲಿ ದಾರಿ ತೋರಿಸಿದವರು ಪಕ್ಕದ ಮನೆಯ ಮೀನುಗಾರ ಅಜ್ಜ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಸರಿಯುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಅದು ಜೋರು, ಅಷ್ಟಮಿಯ ಹೊತ್ತಿಗೆ ಸೌಮ್ಯ. ನಾವು ಹುಣ್ಣಿಮೆಯ ಮುನ್ನಾದಿನ ಗುಂಡಿ ತೋಡಿ ಎರಡು ಪಂಪು ಇಟ್ಟು ಒದ್ದಾಡುತ್ತಿದ್ದುದನ್ನು ಕಂಡು ಅವರು ನಕ್ಕು, ಒಂದು ವಾರ ತಡೆಯಿರಿ ಎಂದರು. ಅಷ್ಟಮಿಯ ಎರಡು ದಿನ ಹಿಂದೆ ಮುಂದೆ, ಇಳಿತದ ಹೊತ್ತು ನೋಡಿಕೊಂಡು, ಒಂದೇ ಪಂಪಿನಲ್ಲಿ ಫೂಟಿಂಗ್ ಮುಗಿಸಿದೆವು. ನಮ್ಮ ಕಡೆ ಅಡಿಪಾಯಕ್ಕೂ ಪಂಚಾಂಗವೆನ್ನುತ್ತೇವೆ, ತಿಥಿ ನೋಡುವ ಪುಸ್ತಕಕ್ಕೂ ಪಂಚಾಂಗವೆನ್ನುತ್ತೇವೆ. ಒಂದನ್ನು ಹಾಕಲು ಇನ್ನೊಂದನ್ನು ನೋಡಬೇಕಾಗುತ್ತದೆ ಎಂದು ನನಗೆ ಯಾವ ಪಾಲಿಟೆಕ್ನಿಕ್ಕಿನಲ್ಲೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಪ್ಲಿಂತ್ ಎತ್ತರದ, ಅಂದರೆ ಮನೆಯ ಒಳನೆಲ ಅಂಗಳದಿಂದ ಎಷ್ಟು ಮೇಲಿರಬೇಕೆಂಬ ಪ್ರಶ್ನೆ ಬಂತು. ನನ್ನ ಮನಸ್ಸಿನಲ್ಲಿ ಒಂದೂವರೆ ಅಡಿ ಇತ್ತು. ಹಿಂದೊಮ್ಮೆ ಮಳೆಗಾಲದಲ್ಲಿ ಹಳೆಯ ಮನೆಯ ಮೆಟ್ಟಿಲ ತನಕ ನೀರು ಬಂದದ್ದನ್ನು ಕಂಡಿದ್ದ ಅಕ್ಕೋರು ನಾಲ್ಕು ಅಡಿ ಬೇಕೆಂದರು. ವ್ಯತ್ಯಾಸ ಎರಡೂವರೆ ಅಡಿಯಷ್ಟೇ ಎಂದು ಕೇಳುವಾಗ ಅನಿಸುತ್ತದೆ. 1,020 ಚದರ ಅಡಿಗೆ ಎರಡೂವರೆ ಅಡಿ ಎಂದರೆ 2,550 ಘನ ಅಡಿ. ಹಿಂದೆ ಮುಂಬೈ ಪ್ರಾಂತ್ಯದಲ್ಲಿದ್ದ ನಮ್ಮ ಜಿಲ್ಲೆಯಲ್ಲಿ ಮಣ್ಣು, ರೇತಿ, ಖಡಿಗಳನ್ನು ಈಗಲೂ ಬ್ರಾಸಿನಲ್ಲೇ ಅಳೆಯುತ್ತಾರೆ. ನೂರು ಘನ ಅಡಿಗೆ ಒಂದು ಬ್ರಾಸ್. ಅಂದರೆ ಇಪ್ಪತ್ತೈದೂವರೆ ಬ್ರಾಸ್, ನೀರು ಹಾಕಿ ದಮ್ಮಾಸು ಹೊಡೆದಾಗ ಕುಗ್ಗುವುದನ್ನು ಸೇರಿಸಿದರೆ ಮೂವತ್ತು, ಎರಡು ಬ್ರಾಸ್ ಹಿಡಿಯುವ ಟಿಪ್ಪರಿನಲ್ಲಿ ಹದಿನೈದು ಲೋಡು. ಗೋಡೆಯನ್ನೂ ಅಷ್ಟೇ ಎತ್ತರಿಸಬೇಕು, ಮೆಟ್ಟಿಲನ್ನೂ ಹೆಚ್ಚಿಸಬೇಕು. ಇಷ್ಟೆಲ್ಲ ಆದರೂ ಮನೆಯ ಚದರ ಅಡಿ ಒಂದಿಂಚೂ ಹೆಚ್ಚಾಗುವುದಿಲ್ಲ.

ನಾನು ಲೆಕ್ಕದ ಚೀಟಿ ಹಿಡಿದು ಅಕ್ಕೋರ ಬಳಿ ಹೋದೆ. ಅವರು ನೋಟುಬುಕ್ಕನ್ನು ತಂದು ಆ ಪುಟ ತೆಗೆದು ನನ್ನ ಮುಂದಿಟ್ಟರು. ‘ತಮ್ಮಾ, ನೀನು ಹೇಳಿದ್ದನ್ನು ಹಾಗೆಯೇ ಬರೆದುಕೊಂಡಿದ್ದೇನೆ. ಪ್ಲಿಂತ್ ಎತ್ತರಿಸು ಎಂದವಳು ನಾನು, ಆ ಮಣ್ಣಿನ ದುಡ್ಡು ನಾನೇ ಕೊಡುತ್ತೇನೆ. ಕೆಳಗೆ ಕೆಸರಿದೆ ಎಂಬುದು ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿರಬೇಕಿತ್ತು.’ ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ನಿವೃತ್ತಿಯಲ್ಲಿ ಬಂದ ಹಣವನ್ನು ಎಣಿಸಿ ಎಣಿಸಿ ಇಟ್ಟವರು ಅವರು. ಫೂಟಿಂಗಿನ ಕೆಲಸಕ್ಕೆ ನನಗೆ ಹೆಚ್ಚುವರಿಯಾಗಿ ತಗುಲಿದ್ದು 2,10,000 ರೂಪಾಯಿ. ಇಡೀ ಮನೆಯಲ್ಲಿ ಉಳಿಯಬಹುದೆಂದು ನಾನು ಎಣಿಸಿದ್ದ ಲಾಭ 1,60,000. ಮನೆ ಇನ್ನೂ ನೆಲದಿಂದ ಮೇಲೆದ್ದಿರಲಿಲ್ಲ, ಆಗಲೇ ನಾನು ಐವತ್ತು ಸಾವಿರ ನಷ್ಟದಲ್ಲಿದ್ದೆ.

ಇದಕ್ಕಿಂತ ದೊಡ್ಡ ತಪ್ಪನ್ನು ಮಾಡಿದ್ದು ಆಮೇಲೆ. ಅದೇ ಹೊತ್ತಿಗೆ ಹೊನ್ನಾವರದಲ್ಲಿ ಎರಡನೆಯ ಮನೆಯ ಕೆಲಸ ಸಿಕ್ಕಿತ್ತು ಮತ್ತು ಅವರು ಮೂರು ಲಕ್ಷ ರೂಪಾಯಿ ಮುಂಗಡ ಕೊಟ್ಟಿದ್ದರು. ಆ ಹಣದಲ್ಲಿ ಅವರ ಮನೆಗೆ ಕಬ್ಬಿಣ ಬುಕ್ ಮಾಡಬೇಕಿತ್ತು. ನಾನು ಅದನ್ನು ಅಕ್ಕೋರ ಮನೆಯ ಫೂಟಿಂಗಿಗೂ ಗೌಂಡಿಗಳ ಪಗಾರಕ್ಕೂ ಸುರಿದೆ. ಇದರ ಬಿಲ್ಲು ಬಂದಾಗ ಅದಕ್ಕೆ ತುಂಬಿದರಾಯಿತು ಎಂಬುದು ನನ್ನ ಸಮಾಧಾನ. ಆದರೆ ಬಿಲ್ಲು ಬರುವ ಹೊತ್ತಿಗೆ ಕಬ್ಬಿಣದ ದರ ಏರಿತ್ತು, ಹೊನ್ನಾವರದವರಿಗೆ ಹಳೆಯ ದರ ಹೇಳಿಯಾಗಿತ್ತು, ಅದನ್ನು ಸರಿದೂಗಿಸಲು ಮೂರನೆಯ ಕಡೆ ಮುಂಗಡ ಹುಡುಕತೊಡಗಿದೆ. ಒಂದು ಹೊಂಡವನ್ನು ತುಂಬಲು ಪಕ್ಕದಲ್ಲಿ ಇನ್ನೊಂದು ಹೊಂಡ ತೋಡುವ ಈ ಕೆಲಸವನ್ನು ಮಾಡದ ಸಣ್ಣ ಗುತ್ತಿಗೆದಾರರನ್ನು ನಾನು ಹೆಚ್ಚು ಕಂಡಿಲ್ಲ. ಕೊನೆಗೆ ಹೆಂಡತಿಯ ಬಂಗಾರವನ್ನು ಸೊಸೈಟಿಯಲ್ಲಿಟ್ಟು ಸರಪಳಿಯನ್ನು ಕಡಿದೆ. ಅದನ್ನು ಬಿಡಿಸಿಕೊಂಡು ಬರಲು ಹತ್ತೊಂಬತ್ತು ತಿಂಗಳು ಬೇಕಾಯಿತು. ಆ ತಿಂಗಳುಗಳಲ್ಲಿ ಮನೆಯಲ್ಲಿ ಯಾರೂ ಆ ಮಾತನ್ನು ಎತ್ತಲಿಲ್ಲ ಎಂಬುದೇ ನನಗೆ ಹೆಚ್ಚು ಕಷ್ಟವಾಗಿತ್ತು.

ಈಗ ನಾನು ಕೊಡುವ ಅಂದಾಜು ಪತ್ರಿಕೆ ಎರಡು ಭಾಗದಲ್ಲಿರುತ್ತದೆ. ಪ್ಲಿಂತ್ ಬೀಮಿನ ಮೇಲ್ಮೈಯಿಂದ ಕೆಳಗಿನದಕ್ಕೆ ಚದರ ಅಡಿ ದರವನ್ನು ಹೇಳುವುದೇ ಇಲ್ಲ. ಅಗೆತಕ್ಕೆ ಇಷ್ಟು, ಕಾಂಕ್ರೀಟಿಗೆ ಇಷ್ಟು, ಕಿಲೋ ಕಬ್ಬಿಣಕ್ಕೆ ಇಷ್ಟು, ಬ್ರಾಸ್ ಮಣ್ಣಿಗೆ ಇಷ್ಟು ಎಂದು ಬರೆದು, ಕೆಲಸವಾದ ಮೇಲೆ ಯಜಮಾನರ ಎದುರೇ ಟೇಪು ಹಿಡಿದು ಅಳೆದು ಹಣ ಪಡೆಯುತ್ತೇನೆ. ಮೇಲಿನ ಭಾಗಕ್ಕೆ ಚದರ ಅಡಿ ದರವಿರುತ್ತದೆ, ಆದರೆ ಅದರೊಂದಿಗೆ ಎರಡು ಪುಟದ ವಿವರವಿರುತ್ತದೆ: ಯಾವ ದರ್ಜೆಯ ಕಾಂಕ್ರೀಟು, ಎಷ್ಟು ದಪ್ಪದ ಗೋಡೆ, ಟೈಲ್ಸಿಗೆ ಎಷ್ಟರವರೆಗೆ, ಸೆಪ್ಟಿಕ್ ಟ್ಯಾಂಕ್ ಸೇರಿದೆಯೋ ಇಲ್ಲವೋ, ಕಂಪೌಂಡ್ ಯಾರದು, ತಾರಸಿಯ ಮೇಲಿನ ತಗಡಿನ ಮಾಡು ಯಾರದು. ನಮ್ಮ ಕರಾವಳಿಯಲ್ಲಿ ಸ್ಲ್ಯಾಬ್ ಹಾಕಿದ ಮೇಲೂ ಅದರ ಮೇಲೊಂದು ತಗಡಿನ ಮಾಡು ಎತ್ತದ ಮನೆಗಳು ಕಡಿಮೆ. ಅದು ತಮ್ಮ ದರದಲ್ಲಿ ಸೇರಿದೆ ಎಂದು ಯಜಮಾನರು ತಿಳಿದಿರುತ್ತಾರೆ, ಸೇರಿಲ್ಲವೆಂದು ನಾವು ತಿಳಿದಿರುತ್ತೇವೆ, ಇಬ್ಬರೂ ಮೇ ತಿಂಗಳ ಕೊನೆಯ ತನಕ ಕೇಳಿಕೊಂಡಿರುವುದಿಲ್ಲ.

ಕಾಂಕ್ರೀಟಿನ ದರ್ಜೆಯ ಮಾತು ಬಂದಿದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಎರಡು ದರಗಳ ನಡುವಿನ ಅಂತರ ಹೆಚ್ಚಾಗಿ ಅಡಗಿರುವುದು ಇಲ್ಲಿಯೇ. ನಮ್ಮ ಊರುಗಳಲ್ಲಿ ಈಗಲೂ ಸ್ಲ್ಯಾಬಿಗೆ ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ರೇತಿ, ಮೂರು ಪಾಲು ಖಡಿ ಎಂಬ ಲೆಕ್ಕ ನಡೆಯುತ್ತದೆ. ಅದು ಎಂ20 ಎಂಬ ದರ್ಜೆ; ಸಂಖ್ಯೆ ಹೆಚ್ಚಿದಷ್ಟೂ ಕಾಂಕ್ರೀಟು ಗಟ್ಟಿ. ಐದು ಇಂಚು ದಪ್ಪದ ಸಾವಿರ ಚದರ ಅಡಿ ಸ್ಲ್ಯಾಬಿಗೆ ಸುಮಾರು ಹನ್ನೆರಡು ಘನ ಮೀಟರ್ ಕಾಂಕ್ರೀಟು ಬೇಕು, ಘನ ಮೀಟರಿಗೆ ಎಂಟು ಚೀಲದ ಲೆಕ್ಕದಲ್ಲಿ ತೊಂಬತ್ತೈದು ಚೀಲ ಸಿಮೆಂಟು ಹಿಡಿಯುತ್ತದೆ; ಬೀಮಿನದು ಬೇರೆ. ಆದರೆ ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456:2000 ಸಂಹಿತೆಯು ಕರಾವಳಿಯ ಗಾಳಿಗೆ ತೆರೆದುಕೊಂಡ ಕಾಂಕ್ರೀಟನ್ನು ತೀವ್ರ ಪರಿಸ್ಥಿತಿಯ ವರ್ಗದಲ್ಲಿಟ್ಟು, ಕಬ್ಬಿಣ ಹಾಕಿದ ಕಾಂಕ್ರೀಟಿಗೆ (ಆರ್‌ಸಿಸಿ) ಕನಿಷ್ಠ ಎಂ30 ದರ್ಜೆ, ಕಬ್ಬಿಣದ ಮೇಲೆ 45 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ (ಕವರ್), ಮತ್ತು ಸಿಮೆಂಟಿನ ತೂಕದ 0.45ಕ್ಕೆ ಮೀರದ ನೀರನ್ನು ಕೇಳುತ್ತದೆ. ಎಂ20ಕ್ಕಿಂತ ಮೇಲಿನ ದರ್ಜೆಯನ್ನು ಪಾಲಿನ ಲೆಕ್ಕದಲ್ಲಿ ಕಲಸುವಂತೆಯೂ ಇಲ್ಲ. ಪ್ರಯೋಗಾಲಯದಲ್ಲಿ ಮಿಕ್ಸ್ ಡಿಸೈನ್, ಅಂದರೆ ಮಿಶ್ರಣದ ಲೆಕ್ಕ, ಮಾಡಿಸಬೇಕು.

ಇವುಗಳಲ್ಲಿ ಹೆಚ್ಚು ಖರ್ಚಿಲ್ಲದೆ ಪಾಲಿಸಬಹುದಾದದ್ದು ನೀರಿನ ಲೆಕ್ಕ, ಮತ್ತು ಸೈಟಿನಲ್ಲಿ ಅತ್ಯಂತ ಕಷ್ಟವಾದದ್ದೂ ಅದೇ. 50 ಕಿಲೋ ಚೀಲಕ್ಕೆ 0.45 ಎಂದರೆ ಇಪ್ಪತ್ತೆರಡೂವರೆ ಲೀಟರ್. ಮಿಕ್ಸರಿನ ಬಳಿ ನಿಂತ ಹುಡುಗ ಮಾತ್ರ ಪೈಪು ಹಿಡಿದು ಕಣ್ಣಳತೆಯಲ್ಲಿ ಬಿಡುತ್ತಾನೆ. ಕಲಸಿದ್ದು ಪಾಯಸದ ಹಾಗೆ ಹರಿದರೆ ಬಾಂಡ್ಲಿಯಿಂದ ಸುರಿಯುವವನಿಗೆ ಸುಲಭ, ಕರಣೆ ಎಳೆಯುವ ಗೌಂಡಿಗೆ ಸುಲಭ, ವೈಬ್ರೇಟರ್ ಹಿಡಿಯುವವನಿಗೆ ಕೆಲಸವೇ ಇಲ್ಲ. ಆ ಹೆಚ್ಚಿನ ನೀರು ಆರಿಹೋದ ಜಾಗದಲ್ಲಿ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ, ಅವುಗಳ ಮೂಲಕ ಉಪ್ಪುಗಾಳಿ ಒಳಹೊಗುತ್ತದೆ, ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಮೇಲಿನ ಕಾಂಕ್ರೀಟನ್ನು ಒದೆಯುತ್ತದೆ. ಕಾರವಾರದ ಯಾವುದೇ ಹಳೆಯ ಬೀದಿಯಲ್ಲಿ ತಲೆಯೆತ್ತಿ ಸಜ್ಜಾಗಳ ಅಡಿಭಾಗವನ್ನು ನೋಡುತ್ತ ನಡೆದರೆ ನಾನು ಹೇಳುತ್ತಿರುವುದು ಕಾಣುತ್ತದೆ. ನಾನು ಪೈಪನ್ನು ತೆಗೆಸಿ ಹದಿನೈದು ಲೀಟರಿನ ಎರಡು ಬಕೆಟ್ಟುಗಳನ್ನಿಟ್ಟಿದ್ದೇನೆ. ಒಂದರಲ್ಲಿ ಅರ್ಧಕ್ಕೆ ಕೆಂಪು ಬಣ್ಣದ ಗೆರೆ. ಚೀಲಕ್ಕೆ ಒಂದು ತುಂಬ, ಒಂದು ಗೆರೆಯವರೆಗೆ. ರೇತಿ ಒದ್ದೆಯಿದ್ದರೆ ಇನ್ನೂ ಕಡಿಮೆ. ಗಟ್ಟಿಯಾಗಿ ಉಳಿದದ್ದನ್ನು ಸಡಿಲಿಸಲು ಪ್ಲಾಸ್ಟಿಸೈಜರ್ ಹಾಕಿಸುತ್ತೇನೆ. ಮೇಸ್ತ್ರಿ ಮೊದಲ ಸಲ ಈ ವ್ಯವಸ್ಥೆ ಕಂಡಾಗ, ಔಷಧಿ ಕೊಡುವ ಹಾಗೆ ನೀರು ಕೊಟ್ಟರೆ ಸ್ಲ್ಯಾಬ್ ಸಂಜೆಯೊಳಗೆ ಮುಗಿಯುವುದಿಲ್ಲ ಎಂದು ಮುನಿಸಿಕೊಂಡಿದ್ದರು. ಮುಗಿಯಲಿಲ್ಲವೆಂಬುದೂ ನಿಜ, ಅಂದು ರಾತ್ರಿ ಒಂಬತ್ತರವರೆಗೆ ಹ್ಯಾಲೊಜನ್ ದೀಪ ಹಚ್ಚಿ ಕೆಲಸ ಮಾಡಿದೆವು, ಎಲ್ಲರಿಗೂ ಅರ್ಧ ದಿನದ ಪಗಾರ ಹೆಚ್ಚು ಕೊಟ್ಟೆ.

ಪಗಾರವನ್ನು ಮಾತ್ರ ಒಂದು ದಿನವೂ ತಡಮಾಡಬಾರದು. ನಮ್ಮಲ್ಲಿ ಅದು ಸಂತೆಗೆ ಕಟ್ಟುಬಿದ್ದದ್ದು: ಕುಮಟೆಯ ಸೈಟಿನಲ್ಲಿ ಬುಧವಾರದ ಸಂತೆಯ ಹಿಂದಿನ ಸಂಜೆ, ಕಾರವಾರದಲ್ಲಿ ರವಿವಾರದ ಸಂತೆಗೆ ಮುನ್ನ ಶನಿವಾರ. ನಾಲ್ವರು ಗೌಂಡಿಗಳು, ಆರು ಜನ ಹೆಲ್ಪರುಗಳಿರುವ ಸಾಧಾರಣ ತಂಡಕ್ಕೆ ನನಗೀಗ ವಾರಕ್ಕೆ ಐವತ್ತು ಸಾವಿರದ ಹತ್ತಿರ ಬೇಕು. ಬ್ಯಾಂಕ್ ಸಾಲದ ಮೇಲೆ ಕಟ್ಟಿಸುವ ಯಜಮಾನರಿಗೆ ಹಂತ ಮುಗಿದು, ಬ್ಯಾಂಕಿನವರು ಬಂದು ನೋಡಿ ಹೋದ ಮೇಲಷ್ಟೇ ಕಂತು ಬಿಡುಗಡೆಯಾಗುತ್ತದೆ. ಅಷ್ಟರಲ್ಲಿ ಮೂರು ಸಂತೆ ಕಳೆದಿರುತ್ತವೆ. ಆ ಮೂರು ಸಂತೆಗಳ ಹಣ ಸ್ವಂತದ್ದಾಗಿ ಇಲ್ಲದಿದ್ದರೆ ಎರಡನೆಯ ಸೈಟನ್ನು ಹಿಡಿಯಬೇಡಿ ಎಂದು ಆ ಹುಡುಗರಿಗೆ ಹೇಳಬೇಕೆಂದಿದ್ದೇನೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ 18ರಿಂದ 60 ವರ್ಷದವರು ಹಿಂದಿನ ವರ್ಷ 90 ದಿನ ಕೆಲಸ ಮಾಡಿದ್ದರೆ ನೋಂದಾಯಿಸಿಕೊಳ್ಳಬಹುದು. ಅದಕ್ಕೆ ನಮ್ಮ ಸಹಿ ಬೇಕಾಗುತ್ತದೆ. ಹಾಜರಿ ಪುಸ್ತಕ ಸರಿಯಿದ್ದರೆ ಐದು ನಿಮಿಷದ ಕೆಲಸ.

ದಿನಗಳ ಲೆಕ್ಕವೂ ಹಣದ ಲೆಕ್ಕದಷ್ಟೇ ಬಿಗಿಯಾದದ್ದು. ಮೇ ಕೊನೆಯ ವಾರ ರೋಹಿಣಿ ಮಳೆ ಹುಟ್ಟುತ್ತದೆ, ಜೂನ್ ಮೊದಲ ವಾರ ಕಳೆಯುವಾಗ ಮೃಗಶಿರ. ಅಷ್ಟರೊಳಗೆ ಸ್ಲ್ಯಾಬ್ ಬಿದ್ದು ಕ್ಯೂರಿಂಗ್ ಮುಗಿದಿದ್ದರೆ ಮಳೆಗಾಲದಲ್ಲಿ ಒಳಗಿನ ಗಿಲಾಯಿ, ವೈರಿಂಗ್, ಟೈಲ್ಸುಗಳಿಗೆ ಕೈ ಹಾಕಬಹುದು. ಬೀಳದಿದ್ದರೆ ಚಿರೇಕಲ್ಲಿನ ಗೋಡೆಗೆ ಮಡಲಿನ ತಟ್ಟಿ ಕಟ್ಟಿ ನಾಲ್ಕು ತಿಂಗಳು ಕಾಯಬೇಕು. ಉತ್ತರ ಕರ್ನಾಟಕದಿಂದ ಬರುವ ಕೆಲಸಗಾರರು ಯುಗಾದಿಗೆ ಊರಿಗೆ ಹೋದರೆ ಹದಿನೈದು ದಿನ ಬರುವುದಿಲ್ಲ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ ಬರುವುದು ಕೆಲಸ ಓಡುವ ದಿನಗಳಲ್ಲಿಯೇ. ಆ ಒಂಬತ್ತು ದಿನ, ಹಿಂದಿನ ಮುಂದಿನ ಎರಡೆರಡು ದಿನ ಸೇರಿಸಿ, ಕ್ಯಾಲೆಂಡರಿನಲ್ಲಿ ಮೊದಲೇ ಹೊಡೆದುಹಾಕಿಡುತ್ತೇನೆ. ಯಕ್ಷಗಾನ ಮೇಳದ ಆಟ ನೋಡಿ ಮುಗಿಸಿ ಬೆಳಿಗ್ಗೆ ನೇರ ಸೈಟಿಗೆ ಬಂದು ಸಿಮೆಂಟು ಚೀಲಕ್ಕೊರಗಿ ನಿದ್ದೆ ಹೋಗುವವರ ಲೆಕ್ಕವನ್ನು ಮಾತ್ರ ಯಾವ ಕ್ಯಾಲೆಂಡರಿನಲ್ಲೂ ಹಿಡಿಯಲಾಗುವುದಿಲ್ಲ.

ಘಟ್ಟದ ಮೇಲೆ ಹಣ ಬರುವ ರೀತಿಯೇ ಬೇರೆ. ಅಲ್ಲಿ ಯಜಮಾನರು ತಿಂಗಳ ಮಾತು ಆಡುವುದಿಲ್ಲ, ಅಡಿಕೆ ಬಿಟ್ಟ ಮೇಲೆ ಕೊಡುತ್ತೇನೆ ಎನ್ನುತ್ತಾರೆ, ಮತ್ತು ಧಾರಣೆ ಏರಬಹುದೆಂಬ ಆಸೆಯಿದ್ದರೆ ಅಡಿಕೆಯನ್ನು ಬಿಡುವುದಿಲ್ಲ. ಅಂಗಳವೂ ಅವರಿಗೆ ಅಡಿಕೆಗೆ ಬೇಕು. ಕೊಯ್ಲು ಶುರುವಾದ ಮೇಲೆ ಅಲ್ಲಿ ಖಡಿ ಸುರಿಸುವಂತಿಲ್ಲ. ಮೊದಲ ವರ್ಷ ತಿಳಿಯದೆ ಸುರಿಸಿ, ಎರಡು ಲೋಡನ್ನು ಬುಟ್ಟಿಯಲ್ಲಿ ಹೊರಿಸಿ ಕೊಟ್ಟಿಗೆಯ ಹಿಂದಕ್ಕೆ ಹಾಕಿಸಿದ್ದೇನೆ. ಜಾಗದ ಕಾಗದವನ್ನೂ ಅಲ್ಲಿ ಹೆಚ್ಚು ಎಚ್ಚರದಿಂದ ನೋಡಬೇಕು. ತೋಟಕ್ಕೆಂದು ಬಿಟ್ಟ ಬೆಟ್ಟ ಭೂಮಿಯಿಂದ ಸೊಪ್ಪು, ದರಕು ತರುವ ಹಕ್ಕಿರುತ್ತದೆಯೇ ಹೊರತು ಮನೆ ಕಟ್ಟುವ ಹಕ್ಕಿರುವುದಿಲ್ಲ, ಆದರೆ ತಲೆಮಾರಿನಿಂದ ಅನುಭವಿಸಿಕೊಂಡು ಬಂದವರಿಗೆ ಅದು ತಮ್ಮದೇ ಅನಿಸಿರುತ್ತದೆ. ಹಳ್ಳಿಯ ಜಾಗವಾದರೆ ಪಂಚಾಯತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11, ಕೃಷಿ ಭೂಮಿಯಾಗಿದ್ದರೆ ಭೂಪರಿವರ್ತನೆಯ ಆದೇಶ, ಪಂಚಾಯತಿಯ ಪರವಾನಗಿ, ಇವುಗಳ ಪ್ರತಿ ನನ್ನ ಕಡತಕ್ಕೆ ಬರುವ ತನಕ ಈಗ ನಾನು ದಾರ ಕಟ್ಟುವುದಿಲ್ಲ.

ಇಳಿಜಾರಿನ ಜಾಗಗಳ ಬಗ್ಗೆಯೂ ಒಂದು ಮಾತು. ಗುಡ್ಡವನ್ನು ಜೆಸಿಬಿಯಲ್ಲಿ ಕಡಿದು ಸಮತಟ್ಟು ಮಾಡಿಕೊಡಿ ಎಂದು ಕೇಳುವವರು ಹೆಚ್ಚಾಗಿದ್ದಾರೆ. ನಮ್ಮ ಕರಾವಳಿಯ ಗುಡ್ಡಗಳಲ್ಲಿ ಮೇಲೆ ಗಟ್ಟಿ ಚಿರೇಕಲ್ಲು ಕಾಣುತ್ತದೆ. ಅನೇಕ ಕಡೆ ಅದರ ಕೆಳಗಿರುವುದು ಶೇಡಿ ಮಣ್ಣು, ಒಣಗಿದ್ದಾಗ ಗೋಡೆಯಂತೆ ನಿಂತು ನೀರು ಕುಡಿದಾಗ ಕೈಬಿಡುವಂಥದ್ದು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ ನನ್ನ ಕಾರವಾರದ ಸೈಟಿಗೆ ಬರಬೇಕಿದ್ದ ಟೈಲ್ಸಿನ ಲಾರಿ ಕುಮಟೆಯಲ್ಲಿಯೇ ನಿಂತಿತು. ಜೀವ ಕಳೆದುಕೊಂಡವರ ಮುಂದೆ ಅದು ಹೇಳುವಂಥ ನಷ್ಟವಲ್ಲ. ಅಂದಿನಿಂದ ನಾನು ತಡೆಗೋಡೆಯ ಲೆಕ್ಕವನ್ನೂ ನೀರು ಹರಿದುಹೋಗುವ ದಾರಿಯ ಲೆಕ್ಕವನ್ನೂ ಮೊದಲ ಪುಟದಲ್ಲಿಯೇ ಇಡುತ್ತೇನೆ. ಅದನ್ನು ನೋಡಿ ಎದ್ದುಹೋದವರಿದ್ದಾರೆ. ಅವರಲ್ಲೊಬ್ಬರ ಗುಡ್ಡವನ್ನು ಬೇರೆಯವರು ಕಡಿದುಕೊಟ್ಟರು. ಆ ದಾರಿಯಲ್ಲಿ ಹೋಗುವಾಗ ನಾನು ಪ್ರತಿ ಸಲವೂ ಅತ್ತ ನೋಡುತ್ತೇನೆ.

ತೆರಿಗೆಯ ವಿಷಯವನ್ನು ಚಿಕ್ಕದಾಗಿ ಮುಗಿಸುತ್ತೇನೆ. ಸಾಮಗ್ರಿಯನ್ನು ಯಜಮಾನರೇ ತಂದುಕೊಟ್ಟು, ನೀವು ಒಂಟಿ ವಾಸದ ಮನೆಯೊಂದರ ಬರಿಯ ಕೂಲಿ ಗುತ್ತಿಗೆಯನ್ನಷ್ಟೇ ಮಾಡಿದರೆ ಅದಕ್ಕೆ ಜಿಎಸ್‌ಟಿ ವಿನಾಯಿತಿಯಿದೆ. ಸಾಮಗ್ರಿ ಸಹಿತ ಮಾಡಿದರೆ ಶೇಕಡಾ 18, ಮತ್ತು ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಕಡ್ಡಾಯ. ಒಂದೂವರೆ ಮನೆ ಕಟ್ಟಿದರೆ ದಾಟಿಯೇ ದಾಟುತ್ತದೆ. 50 ಲಕ್ಷದವರೆಗಿನ ಸಣ್ಣವರಿಗೆ ಶೇಕಡಾ 6ರ ಕಾಂಪೊಸಿಷನ್ ವ್ಯವಸ್ಥೆಯಿದೆ, ಆದರೆ ಆಗ ತೆರಿಗೆಯನ್ನು ಯಜಮಾನರಿಂದ ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ, ಸಿಮೆಂಟು ಕಬ್ಬಿಣದ ಮೇಲೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವಂತೆಯೂ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿದದ್ದು ಈಚಿನ ವರ್ಷಗಳಲ್ಲಿ ನಮಗೆ ಆದ ಒಳ್ಳೆಯ ಸಂಗತಿ. ಸಣ್ಣ ಉದ್ದಿಮೆಗಳಿಗಾಗಿ ಇರುವ ಸರ್ಕಾರದ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಅದಕ್ಕಾಗಿ ಸಾವಿರ ಎರಡು ಸಾವಿರ ಕೇಳುವವರಿಗೆ ಕೊಡಬೇಡಿ. ಉಳಿದದ್ದನ್ನು ಲೆಕ್ಕಪರಿಶೋಧಕರ ಬಳಿ ಕೇಳಿ, ಅವರಿಗೆ ಕೊಡುವ ಶುಲ್ಕದಲ್ಲಿ ಚೌಕಾಸಿ ಮಾಡಬೇಡಿ.

ಕಬ್ಬಿಣ ಬಂದಾಗ ತೂಕದ ಚೀಟಿಯನ್ನಷ್ಟೇ ನಂಬದೆ ಸರಳುಗಳನ್ನು ಎಣಿಸಬೇಕೆಂಬುದನ್ನು ಹೇಳಲು ಮರೆತಿದ್ದೆ. ಸರಳಿನ ದಪ್ಪವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ. ಹನ್ನೆರಡು ಮೀಟರ್ ಉದ್ದದ 8 ಮಿಲಿಮೀಟರ್ ಸರಳು ನಾಲ್ಕೂಮುಕ್ಕಾಲು ಕಿಲೋ, 12 ಮಿಲಿಮೀಟರಿನದು ಹತ್ತೂವರೆಗಿಂತ ಸ್ವಲ್ಪ ಹೆಚ್ಚು. ಎಣಿಸುವುದನ್ನು ಕಂಡರೆ ಲಾರಿಯವರು ಮುಖ ಗಂಟಿಕ್ಕುತ್ತಾರೆ, ಎರಡು ಸಲ ಎಣಿಸಿದ ಮೇಲೆ ರೂಢಿಯಾಗುತ್ತದೆ.

ಅಕ್ಕೋರ ಮನೆಯ ಒಕ್ಕಲು 2018ರ ದೀಪಾವಳಿಯ ನಂತರ ಆಯಿತು. ಮರುವರ್ಷ, 2019ರ ಆಗಸ್ಟಿನ ನೆರೆಯಲ್ಲಿ ನೀರು ಅಂಗಳದ ತುಳಸಿಕಟ್ಟೆ ದಾಟಿ ಎರಡನೆಯ ಮೆಟ್ಟಿಲಿಗೆ ಬಂದು ನಿಂತಿತ್ತು, ಒಳಗೆ ಬರಲಿಲ್ಲ. ನಾನು ನೋಡಲು ಹೋದಾಗ ಅವರು ಗೋಡೆಗಳ ಮೂಲೆಗಳನ್ನೆಲ್ಲ ತೋರಿಸಿ, ಒಂದು ಕಡೆಯೂ ಬಿರುಕಿಲ್ಲವೆಂದು ಹೇಳಿ, ಅದೇ ನೋಟುಬುಕ್ಕಿನಿಂದ ಒಂದು ಹಾಳೆ ಹರಿದು ಎರಡು ಫೋನ್ ನಂಬರುಗಳನ್ನು ಬರೆದುಕೊಟ್ಟರು. ಇಬ್ಬರೂ ಅವರ ಹಳೆಯ ವಿದ್ಯಾರ್ಥಿಗಳು, ಇಬ್ಬರಿಗೂ ಮನೆ ಕಟ್ಟಿಸಬೇಕಿತ್ತು. ಹೊರಗೆ ಬಂದು ಮೊದಲನೆಯವರಿಗೆ ಫೋನ್ ಮಾಡಿದೆ. ನನ್ನ ಪರಿಚಯ ಹೇಳಿ ಮುಗಿಸುವುದರೊಳಗೆ ಅವರು, ‘ಅಂದ ಹಾಗೆ, ಚದರ ಅಡಿಗೆ ಎಷ್ಟಾಗುತ್ತದೆ?’ ಎಂದು ಕೇಳಿದರು. ಜಾಗ ಎಲ್ಲಿದೆ ಎಂದು ಕೇಳಿಕೊಂಡು, ರವಿವಾರ ಬೆಳಿಗ್ಗೆ ಇಬ್ಬರು ಆಳು, ಒಂದು ಹಾರೆ, ಎರಡು ಗುದ್ದಲಿಯೊಂದಿಗೆ ಬರುತ್ತೇನೆ, ಅಗೆದು ನೋಡಿದ ಮೇಲೆ ಹೇಳುತ್ತೇನೆ ಎಂದೆ.